ಸ್ವಲ್ಪ ತೂಕ ಬರಲಿ

ತಿಪಟೂರು ಕಡೆಯವರಿಗೆ ಬೆಂಗಳೂರಿನಲ್ಲಿ ಒಬ್ಬ ನೆಂಟ ಅಂತ ಇದ್ದರೆ ಅವನು ಎರಡು ಕೆಲಸಕ್ಕೆ ಬೇಕಾಗುತ್ತಾನೆ. ಒಂದು, ಮಕ್ಕಳ ಸಿಇಟಿ ಸೀಟು. ಇನ್ನೊಂದು, ಆಸ್ಪತ್ರೆ. ನಾನು ಎರಡನೆಯದರಲ್ಲಿ ಪಳಗಿದವನು. ಎಲ್ಲಿ ಟೋಕನ್ ಎಷ್ಟು ಹೊತ್ತಿಗೆ ಕೊಡುತ್ತಾರೆ, ಎಲ್ಲಿ ರೋಗಿಯ ಜೊತೆ ಇಬ್ಬರನ್ನು ಬಿಡುತ್ತಾರೆ, ಯಾವ ಗೇಟಿನ ಎದುರು ಮುದ್ದೆ ಊಟ ಸಿಗುತ್ತದೆ, ಎಲ್ಲ ಗೊತ್ತು. ಮಂಡಿ ನೋವು, ಕಣ್ಣಿನ ಪೊರೆ, ಕಿಡ್ನಿ ಕಲ್ಲು ಅಂತ ಊರಿನ ಅರ್ಧ ಜನರನ್ನು ಕರೆದುಕೊಂಡು ಓಡಾಡಿದ್ದೇನೆ. ಇಷ್ಟೆಲ್ಲ ಗೊತ್ತಿದ್ದವನು ನನ್ನ ಸ್ವಂತ ಅಕ್ಕನ ಮಗಳನ್ನು ಮಾತ್ರ ಎರಡೂವರೆ ವರ್ಷ ತಡವಾಗಿ ಕರೆದುಕೊಂಡು ಹೋದೆ.

ಅವಳು ಹುಟ್ಟಿದ್ದು 2014ರ ಆಗಸ್ಟ್‌ನಲ್ಲಿ. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯುತ್ತೇವೆ, ಇಲ್ಲೂ ಹಾಗೇ ಇರಲಿ. ಹುಟ್ಟಿದಾಗ 2.8 ಕೆಜಿ. ಅಳು ಜೋರಾಗಿತ್ತು, ಬಣ್ಣ ಚೆನ್ನಾಗಿತ್ತು. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಎಲ್ಲ ಸರಿ ಇದೆ ಅಂದರು. ಆಮೇಲೆ ಬಹಳ ದಿನ ನನಗೆ ಅವರ ಮೇಲೆ ಸಿಟ್ಟಿತ್ತು. ಈಗಿಲ್ಲ. ಹುಟ್ಟಿದ ದಿನ ಕೇಳಿಸುವಂಥದ್ದು ಏನೂ ಇರಲಿಲ್ಲ ಅನ್ನುವುದು ನನ್ನ ತಲೆಗೆ ಹೋಗಬೇಕಾದರೆ, ಮೂರು ವರ್ಷ ಆದ ಮೇಲೆ ಇನ್ನೊಬ್ಬ ಡಾಕ್ಟರ್ ಕೇಸ್ ಶೀಟಿನ ಹಿಂದೆ ಚಿತ್ರ ಬರೆದು ತೋರಿಸಬೇಕಾಯಿತು.

ಹೊಟ್ಟೆಯೊಳಗಿರುವ ಮಗುವಿನ ಶ್ವಾಸಕೋಶಕ್ಕೆ ಕೆಲಸ ಇಲ್ಲ. ಉಸಿರೆಲ್ಲ ತಾಯಿಯದ್ದು. ಹಾಗಾಗಿ ಅಲ್ಲಿನ ರಕ್ತನಾಳಗಳು ಬಿಗಿದುಕೊಂಡೇ ಇರುತ್ತವೆ. ಹುಟ್ಟಿದ ಮೇಲೆ ನಿಧಾನಕ್ಕೆ ಸಡಿಲವಾಗುತ್ತವೆ. ಅದಕ್ಕೆ ಒಂದೆರಡು ತಿಂಗಳು ಬೇಕು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತಿದ್ದರೂ ಮೊದಲ ದಿನಗಳಲ್ಲಿ ಎರಡೂ ಕಡೆ ಒತ್ತಡ ಹೆಚ್ಚು ಕಡಿಮೆ ಸಮ ಇರುತ್ತದೆ. ರಕ್ತ ತೂತಿನಲ್ಲಿ ನುಗ್ಗುವುದಿಲ್ಲ, ಸದ್ದೂ ಬರುವುದಿಲ್ಲ. ನಾಳಗಳು ಸಡಿಲವಾದಾಗ ಕಾಟ ಶುರು. ಮೈಗೆ ಹೋಗಬೇಕಾದ ರಕ್ತ ಸುಲಭದ ದಾರಿ ಹಿಡಿದು ಮತ್ತೆ ಶ್ವಾಸಕೋಶಕ್ಕೇ ಹರಿಯುತ್ತದೆ. ನಾಲೆ ನಡುವೆ ಒಡೆದರೆ ಆಗುವುದೂ ಇದೇ ಅಲ್ವಾ? ಕೊನೆಯ ಗದ್ದೆಗೆ ನೀರಿಲ್ಲ, ಒಡೆದ ಕಡೆಯ ಗದ್ದೆಯಲ್ಲಿ ಪೈರು ಕೊಳೆಯುತ್ತದೆ.

ಅಕ್ಕನಿಗೆ ಮೊದಲು ಕಂಡದ್ದು ಬೆವರು. ಎರಡು ತಿಂಗಳಾಗುತ್ತಿದ್ದ ಹಾಗೆ, ಹಾಲು ಕುಡಿಯುವಾಗ ಪುಟ್ಟಿಯ ಹಣೆ ಮೇಲೆ ಬೆವರು ಮಣಿಮಣಿಯಾಗಿ ನಿಲ್ಲುತ್ತಿತ್ತು. ಎರಡು ಗುಟುಕು ಕುಡಿಯುವುದು, ಬಿಟ್ಟು ಏದುಸಿರು ಬಿಡುವುದು, ಮತ್ತೆ ಎರಡು ಗುಟುಕು. ಅರ್ಧ ಹೊಟ್ಟೆಗೇ ಸುಸ್ತಾಗಿ ನಿದ್ದೆ. ಸ್ವಲ್ಪ ಹೊತ್ತಿಗೆ ಹಸಿವಿಗೆ ಎದ್ದು ಅಳು. ಅಕ್ಕ ಅತ್ತೆಗೆ ಹೇಳಿದಳು. "ಸೆರಗು ಮುಚ್ಚಿ ಕುಡಿಸ್ತೀಯ, ಮಗೀಗೆ ಸೆಕೆ ಆಗಲ್ವೇನೆ" ಅಂದರು ಅವರು. ದೊಡ್ಡವರ ಹೃದಯ ಹೇಗಿದೆ ಅಂತ ನೋಡಲು ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರಲ್ಲ, ಎಳೆ ಮಗುವಿಗೆ ತಾಯಿಯ ಎದೆಯೇ ಟ್ರೆಡ್‌ಮಿಲ್. ಹಾಲು ಕುಡಿಯುವುದೇ ಅದರ ದುಡಿಮೆ. ಅಕ್ಕನ ಕಣ್ಣಿಗೆ ಬಿದ್ದದ್ದು ದಿನಕ್ಕೆ ಎಂಟು ಹತ್ತು ಸಲ ನಡೆಯುತ್ತಿದ್ದ ಹೃದಯದ ಪರೀಕ್ಷೆ, ಪ್ರತಿ ಸಲವೂ ಫೇಲು.

ತೂಕ ಹತ್ತದಿದ್ದಾಗ ಅಜ್ಜಿ ಬಾಲಗ್ರಹ ಅಂದರು. ತಾಯತ ಬಂತು, ದೃಷ್ಟಿ ತೆಗೆದದ್ದಾಯಿತು. ಆಗ ನಾನು ಫೋನಿನಲ್ಲೇ ನಕ್ಕಿದ್ದೆ. ಈಗ ಆ ಪದವನ್ನು ಆಡಿಕೊಳ್ಳುವುದಿಲ್ಲ. ತಿಂದರೂ ಸೊರಗುವ, ಅಳುತ್ತಲೇ ಇರುವ, ಕೊನೆಗೊಂದು ದಿನ ಜ್ವರ ಬಂದು ಕೈಬಿಟ್ಟು ಹೋಗುವ ಕೂಸುಗಳನ್ನು ನಮ್ಮ ಹಿಂದಿನವರು ಸಾಕಷ್ಟು ನೋಡಿದ್ದರು. ಅದಕ್ಕೊಂದು ಹೆಸರಿಟ್ಟಿದ್ದರು. ಅವರಲ್ಲಿ ಎಷ್ಟು ಕೂಸುಗಳ ಎದೆಯಲ್ಲಿ ತೂತಿತ್ತೋ ಯಾರಿಗೆ ಗೊತ್ತು. ಕೆಲವು ಕಡೆ ಇಂಥ ಮಕ್ಕಳ ಹೊಟ್ಟೆ ಮೇಲೆ ಬರೆ ಹಾಕುವುದೂ ಇದೆ. ನಮ್ಮಲ್ಲಿ ಅಷ್ಟಕ್ಕೆ ಹೋಗಲಿಲ್ಲ.

ಮೂರು ತಿಂಗಳಿಗೆ ನ್ಯುಮೋನಿಯಾ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಎಂಟು ದಿನ ಆಸ್ಪತ್ರೆ. ಅಲ್ಲಿ ಒಬ್ಬರಿಗೆ ಎದೆಯಲ್ಲಿ ಸದ್ದು ಕೇಳಿಸಿತು. ಡಿಸೆಂಬರ್‌ನಲ್ಲಿ ತುಮಕೂರಿಗೆ ಹೋಗಿ ಎಕೋ ಮಾಡಿಸಿದರು. ಹೃದಯದಲ್ಲಿ 7 ಮಿಲಿಮೀಟರ್ ತೂತು. ರಿಪೋರ್ಟ್ ಹಿಡಿದುಕೊಂಡು ಊರ ಹತ್ತಿರದ ಡಾಕ್ಟರ ಬಳಿ ಬಂದರು. ಅವರು ಒಳ್ಳೆಯವರು, ಫೀಸು ಕೂಡ ಜಾಸ್ತಿ ತಗೊಳ್ಳುವವರಲ್ಲ. ನೀರು ಇಳಿಸುವ ಮಾತ್ರೆ ಬರೆದುಕೊಟ್ಟು ಹೇಳಿದರು: "ಇಷ್ಟು ಚಿಕ್ಕ ಮಗುಗೆ ಆಪರೇಷನ್ ಕಷ್ಟ. ಸ್ವಲ್ಪ ತೂಕ ಬರಲಿ. ಎಂಟು ಹತ್ತು ಕೆಜಿ ಆಗಲಿ, ಆಮೇಲೆ ನೋಡೋಣ. ಎಷ್ಟೋ ಮಕ್ಕಳಿಗೆ ತಾನೇ ಮುಚ್ಚಿಕೊಳ್ಳುತ್ತೆ."

ಆಗ ಅವಳು 3.9 ಕೆಜಿ. ನೆಟ್ಟಗಿರುವ ಕೂಸು ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಪುಟ್ಟಿ ಕುಡಿದ ಹಾಲೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿತ್ತು. ತಾಯಿ ಕಾರ್ಡಿನ ಪಟ್ಟಿಯಲ್ಲಿ ಅಂಗನವಾಡಿ ಟೀಚರ್ ಇಡುತ್ತಿದ್ದ ಚುಕ್ಕಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಅದರ ಕೆಳಕ್ಕೆ ಇಳಿಯಿತು. ಹೃದಯ ಸರಿ ಮಾಡಲು ತೂಕ ಬರಬೇಕು, ತೂಕ ಬರಲು ಹೃದಯ ಸರಿಯಾಗಬೇಕು. ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ ಅನ್ನುವ ಗಾದೆ ನಾವೆಲ್ಲ ಎಷ್ಟು ಸಲ ಹೇಳಿಲ್ಲ. ಆದರೆ ಆ ಗಾದೆಯೊಳಗೇ ನಮ್ಮ ಮಗು ಕೂತಿದೆ ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಈ "ಹತ್ತು ಕೆಜಿ" ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿಕೊಂಡು ಹೋದೆ. ಒಂದು ಕಾಲದಲ್ಲಿ ಅದಕ್ಕೆ ಕಾರಣ ಇತ್ತು. ನಾಲ್ಕು ಕೆಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 320 ಮಿಲಿ, ಎರಡು ಲೋಟ ಕಾಫಿಯಷ್ಟು. ಹೃದಯ ನಿಲ್ಲಿಸಿ ಹೊಲಿಯುವಾಗ ಅದರ ಕೆಲಸ ಮಾಡುವ ಯಂತ್ರದ ಕೊಳವೆ ತುಂಬುವುದಕ್ಕೇ ಹಳೆಯ ಕಾಲದಲ್ಲಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ರಕ್ತ ಬೇಕಿತ್ತು. ಆಮೇಲೆ ನೋಡಿಕೊಳ್ಳಲು ಪುಟ್ಟ ಮಕ್ಕಳ ಐಸಿಯು ಕೂಡ ಇರಲಿಲ್ಲ. ಕಾಯಿರಿ ಅನ್ನುವುದು ಆಗ ಬುದ್ಧಿವಂತಿಕೆಯೇ.

ಆದರೂ ಕಾಯದವರು ಆಗಲೂ ಇದ್ದರು. 1954ರ ಮಾರ್ಚ್‌ನಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಅನ್ನುವ ಸರ್ಜನ್ ಪುಟ್ಟಿಗಿದ್ದಂಥದೇ ತೂತನ್ನು ಮುಚ್ಚಿದರು. ಮಗುವಿಗೆ 13 ತಿಂಗಳು. ಯಂತ್ರವೇ ಇರಲಿಲ್ಲ. ಪಕ್ಕದ ಟೇಬಲ್ಲಿನ ಮೇಲೆ ಮಗುವಿನ ಅಪ್ಪನನ್ನು ಮಲಗಿಸಿ, ಅಪ್ಪನ ರಕ್ತನಾಳಕ್ಕೆ ಮಗುವಿನದನ್ನು ಕೊಳವೆಯಲ್ಲಿ ಜೋಡಿಸಿದರು. ಅಷ್ಟು ಹೊತ್ತು ಅಪ್ಪನ ಹೃದಯ ಇಬ್ಬರಿಗೂ ಬಡಿಯಿತು. ತೂತು ಮುಚ್ಚಿತು, ಆದರೆ ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ಮಗು ಹೋಯಿತು. ಲಿಲ್ಲೆಹೈ ನಿಲ್ಲಿಸಲಿಲ್ಲ. ಹೀಗೇ 45 ಜನಕ್ಕೆ ಆಪರೇಷನ್ ಮಾಡಿದರು, 28 ಜನ ಮನೆಗೆ ಹೋದರು. ಭಾವನಿಗೆ ಈ ಕಥೆ ಹೇಳಿದಾಗ ಅವರು ತುಂಬ ಹೊತ್ತು ಸುಮ್ನೆ ಇದ್ದು, "ಹಂಗೆ ಮಲಗು ಅಂದಿದ್ರೆ ನಾನೂ ಮಲಗ್ತಿದ್ದೆ" ಅಂದರು.

ಮಿನ್ನೆಸೋಟದಲ್ಲಿ ಅವರ ಗರಡಿಯಲ್ಲೇ ಪಳಗಿದ ಆಲ್ಡೊ ಕಸ್ಟನೇಡಾ ಗ್ವಾಟೆಮಾಲಾದವರು. ಬಾಸ್ಟನ್ನಿನಲ್ಲಿದ್ದುಕೊಂಡು 1970ರ ದಶಕದಿಂದ ಒಂದೇ ಹಟ ಹಿಡಿದರು: ಹೃದಯದ ತಪ್ಪನ್ನು ಮೊದಲ ತಿಂಗಳುಗಳಲ್ಲೇ ಸರಿ ಮಾಡಬೇಕು, ಕಾದಷ್ಟೂ ಬೇರೆ ಅಂಗಗಳು ಕೆಡುತ್ತವೆ. ಮಾಡಿಯೂ ತೋರಿಸಿದರು. ನಿವೃತ್ತಿಯಾದ ಮೇಲೆ 1990ರ ದಶಕದಲ್ಲಿ ಗ್ವಾಟೆಮಾಲಾಕ್ಕೇ ವಾಪಸ್ ಹೋಗಿ ಅಲ್ಲಿನ ಬಡ ಮಕ್ಕಳಿಗೆ ಹೃದಯದ ಆಸ್ಪತ್ರೆ ಕಟ್ಟಿದರು. ನಮ್ಮಲ್ಲೂ ಇದು ತೀರ ಹೊಸದಲ್ಲ. ಕಿನ್ನಿಗೋಳಿಯ ದೇವಿ ಶೆಟ್ಟರು ಕಲ್ಕತ್ತಾದಲ್ಲಿ 9 ದಿನದ ಕೂಸಿಗೆ ಹೃದಯದ ಆಪರೇಷನ್ ಮಾಡಿದ್ದು 1992ರಲ್ಲಿ. ಅಂದರೆ ಪುಟ್ಟಿ ಹುಟ್ಟುವುದಕ್ಕೆ ಇಪ್ಪತ್ತೆರಡು ವರ್ಷ ಮುಂಚೆ. ಆಪರೇಷನ್ ಟೇಬಲ್ಲಿಗೆ ಬಂದ ಸುದ್ದಿ ತಿಪಟೂರು ತಾಲ್ಲೂಕಿನ ಕ್ಲಿನಿಕ್ಕಿನ ಟೇಬಲ್ಲಿಗೆ ಬಂದಿರಲಿಲ್ಲ ಅಷ್ಟೇ.

ನನ್ನ ಪಾಲಿನದ್ದನ್ನೂ ಹೇಳಿಬಿಡುತ್ತೇನೆ. 2015ರ ಜನವರಿಯಲ್ಲಿ ಅಕ್ಕ ಫೋನ್ ಮಾಡಿ, "ಒಂದ್ಸಲ ಬೆಂಗಳೂರಲ್ಲಿ ತೋರಿಸೋಣ್ವೇನೋ" ಅಂದಳು. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಮಾರ್ಚ್ ಹತ್ತಿರ ಬರುತ್ತಿತ್ತು. ಬಾಡಿಗೆ ಮನೆ ಬೇರೆ ಬದಲಾಯಿಸುತ್ತಿದ್ದೆ. ಪಕ್ಕದ ಮನೆಯ ಮಗುವಿಗೂ "ಹಾರ್ಟಲ್ಲಿ ಹೋಲ್" ಇತ್ತು, ವರ್ಷದೊಳಗೆ ತಾನೇ ಮುಚ್ಚಿಕೊಂಡಿತ್ತು. ಅದನ್ನೇ ಉದಾಹರಣೆ ಕೊಟ್ಟೆ. "ಡಾಕ್ಟರೇ ಹೇಳಿದ್ದಾರಲ್ಲಕ್ಕ, ಸ್ವಲ್ಪ ತೂಕ ಬರಲಿ ಬಿಡು."

ಈ "ಹೋಲ್" ಅನ್ನುವ ಒಂದೇ ಪದ ನಮ್ಮನ್ನು ಹಾಳು ಮಾಡಿತು. ಮೇಲಿನ ಕೋಣೆಗಳ ನಡುವಿನ ತೂತಿಗೂ ಹೋಲ್, ಕೆಳಗಿನದ್ದಕ್ಕೂ ಹೋಲ್. ಮೇಲಿನದ್ದಾದರೆ ಬಹುಪಾಲು ಮಕ್ಕಳು ಮೂರು ನಾಲ್ಕು ವರ್ಷದವರೆಗೆ ಆರಾಮಾಗಿ ಕಾಯಬಹುದು. ಕೆಳಗಿನದ್ದು ಸಣ್ಣದಿದ್ದರೆ ಎಷ್ಟೋ ಸಲ ತಾನೇ ಮುಚ್ಚುತ್ತದೆ. ದೊಡ್ಡದಿದ್ದು ಮಗು ಬೆವರುತ್ತಿದ್ದರೆ ಒಂದು ವರ್ಷ ತುಂಬುವುದರೊಳಗೇ ಮುಚ್ಚಿಸಬೇಕು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳೇ ಅದಲು ಬದಲಾಗಿದ್ದರಂತೂ ಮೊದಲ ಕೆಲವು ವಾರಗಳಲ್ಲೇ ಆಗಬೇಕು. ಅಡುಗೆಮನೆಯಲ್ಲಿ ಸಾಸಿವೆಯಿಂದ ಹಿಡಿದು ಮೆಂತ್ಯದವರೆಗೆ ಎಲ್ಲಕ್ಕೂ "ಕಾಳು" ಅಂತಷ್ಟೇ ಅಂದರೆ ಒಗ್ಗರಣೆ ಏನಾಗಬಹುದು?

ಭಾವನ ಕಾಯುವಿಕೆ ಬೇರೆ ಥರದ್ದು. ಅವರದು ತೆಂಗಿನ ತೋಟ. ಕೊಬ್ಬರಿ ಆಗಬೇಕಾದರೆ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನೇ ಇಂಗಬೇಕು. ಅಲ್ಲಾಡಿಸಿದಾಗ ಗಿಟಕು ಚಿಪ್ಪಿಗೆ ಬಡಿದು ಗಡಗಡ ಅನ್ನಬೇಕು. ಅವಸರ ಮಾಡಿ ಒಡೆದರೆ ಇತ್ತ ಕಾಯೂ ಅಲ್ಲ, ಅತ್ತ ಕೊಬ್ಬರಿಯೂ ಅಲ್ಲ. ತಾತನ ಕಾಲದಿಂದ ಕಾದು ಉಂಡ ಮನೆ ಅದು. ಆಪರೇಷನ್ನಿಗೆ ಎರಡು ಲಕ್ಷ ಆಗುತ್ತೆ ಅಂತ ಯಾರೋ ಹೇಳಿದ್ದರು. "ಈ ಸಲದ ಕೊಬ್ಬರಿ ಆಗಲಿ, ಅಷ್ಟೊತ್ತಿಗೆ ಮಗೂನೂ ದೊಡ್ಡದಾಗಿರುತ್ತೆ" ಅಂತ ಅವರು ಲೆಕ್ಕ ಹಾಕಿದರು. ಅವರ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಆ ಕಾರ್ಡ್ ಇದ್ದವರಿಗೆ ಹೃದಯದ ಆಪರೇಷನ್ ಮಾಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಆಗಲೇ ನಡೆಯುತ್ತಿತ್ತು. ಭಾವನಿಗೆ ಅದು ಗೊತ್ತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಪಳಗಿದ ನಾನೂ ವಿಚಾರಿಸಲಿಲ್ಲ.

ಇನ್ನೊಂದು ಮಾತೂ ಇತ್ತು. ಭಾವನ ದೊಡ್ಡಮ್ಮ ಒಂದು ಹಬ್ಬದ ದಿನ ಎಲ್ಲರೆದುರೇ ಅಂದಿದ್ದರು: "ಹೆಣ್ಣು ಮಗ. ಎದೆ ಮೇಲೆ ಕೊಯ್ದ ಗುರುತಿದ್ರೆ ನಾಳೆ ಯಾರು ಒಪ್ತಾರೆ?" ಯಾರೂ ಉತ್ತರ ಕೊಡಲಿಲ್ಲ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಆಪರೇಷನ್ ಮಾಡಿಸಿ ಅಂತ ಹೇಳಿ ಕಳಿಸಿದ ಮಕ್ಕಳಲ್ಲಿ ಗಂಡು ಮಕ್ಕಳಿಗೆ ನೂರಕ್ಕೆ 70 ಜನಕ್ಕೆ ಮಾಡಿಸಿದ್ದರು, ಹೆಣ್ಣು ಮಕ್ಕಳಿಗೆ 44 ಜನಕ್ಕೆ. ಅದನ್ನು ಓದಿದ ರಾತ್ರಿ ನನಗೆ ಬಂದ ಯೋಚನೆ ಇದು: ಪುಟ್ಟಿ ಗಂಡಾಗಿದ್ದರೆ ನಾನು ಆ ಜನವರಿಯಲ್ಲಿ ಎರಡು ದಿನ ರಜೆ ಹಾಕುತ್ತಿದ್ದೆನಾ? ಹಾಕುತ್ತಿದ್ದೆ ಅನ್ನಿಸುತ್ತದೆ.

ಆಮೇಲಿನದ್ದು ಈ ಕಥೆಯ ಮೋಸದ ಭಾಗ. ಒಂದೂವರೆ ವರ್ಷ ದಾಟಿದ ಮೇಲೆ ಪುಟ್ಟಿ ಸುಧಾರಿಸಿದಳು. ನಿಜವಾಗಿಯೂ. ಬೆವರು ನಿಂತಿತು. ನ್ಯುಮೋನಿಯಾ ಬರಲಿಲ್ಲ. ಊಟ ಸೇರಿತು, ತೂಕ ಎಂಟು ಕೆಜಿ ದಾಟಿತು. ಊರ ಹತ್ತಿರದ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು, "ಸದ್ದು ಕಮ್ಮಿಯಾಗಿದೆ, ಮುಚ್ಚಿಕೊಳ್ತಾ ಇರಬಹುದು" ಅಂದರು. ಅಕ್ಕ ಅವತ್ತು ನನಗೆ ಫೋನ್ ಮಾಡಿದಾಗ ಅಳುತ್ತಿದ್ದಳು, ಖುಷಿಗೆ. ಅಜ್ಜಿ ಮನೆದೇವರಿಗೆ ಹರಕೆ ಒಪ್ಪಿಸಿದರು. ನಾನು ಮಾರ್ಚ್ ಲೆಕ್ಕ ಮುಗಿಸಿದಷ್ಟು ಹಗುರಾದೆ.

ಒಳಗೆ ಆಗುತ್ತಿದ್ದದ್ದು ಬೇರೆ. ಎರಡು ವರ್ಷ ಜಾಸ್ತಿ ರಕ್ತ, ಜಾಸ್ತಿ ಒತ್ತಡ ತಡೆದುಕೊಂಡ ಶ್ವಾಸಕೋಶದ ನಾಳಗಳು ದಪ್ಪಗಾಗಿ ಗಟ್ಟಿಯಾಗುತ್ತಿದ್ದವು. ಪೆಟ್ಟು ಬಿದ್ದ ಜಾಗದಲ್ಲಿ ಚರ್ಮ ಜಡ್ಡುಗಟ್ಟುತ್ತದಲ್ಲ, ಹಾಗೆ. ಅಲ್ಲಿ ಒತ್ತಡ ಏರಿದಂತೆ ತೂತಿನ ಮೂಲಕ ನುಗ್ಗುವ ರಕ್ತ ಕಡಿಮೆಯಾಯಿತು. ಅದಕ್ಕೇ ಬೆವರು ನಿಂತದ್ದು, ಅದಕ್ಕೇ ತೂಕ ಬಂದದ್ದು, ಅದಕ್ಕೇ ಸದ್ದು ಅಡಗಿದ್ದು. ತೂತು ಹಾಗೇ ಇತ್ತು. ಹೀಗೇ ಬಿಟ್ಟರೆ ಒಂದು ದಿನ ರಕ್ತದ ದಾರಿ ತಿರುಗುತ್ತದೆ. ಕೆಟ್ಟ ರಕ್ತ ಒಳ್ಳೆಯದರ ಜೊತೆ ಸೇರಿ ಮೈಗೆ ಹೋಗುತ್ತದೆ, ತುಟಿ ಉಗುರು ನೀಲಿಯಾಗುತ್ತವೆ. 1897ರಲ್ಲಿ ಇದನ್ನು ಮೊದಲು ಬರೆದಿಟ್ಟ ವಿಯೆನ್ನಾದ ವೈದ್ಯ ಐಸೆನ್‌ಮೆಂಗರ್ ಹೆಸರೇ ಈ ಸ್ಥಿತಿಗೆ ಇದೆ. ಅಲ್ಲಿಗೆ ಮುಟ್ಟಿದ ಮೇಲೆ ತೂತು ಮುಚ್ಚುವ ಹಾಗಿಲ್ಲ. ಒತ್ತಡ ಹೊರಹೋಗಲು ಇರುವ ಬಾಗಿಲೇ ಆ ತೂತು. ಮುಚ್ಚಿದರೆ ಹೃದಯದ ಬಲಭಾಗ ಕೈಚೆಲ್ಲುತ್ತದೆ.

ನಾವು ಕಾದದ್ದು ಎಂಟು ಕೆಜಿಗೆ. ಎಂಟು ಕೆಜಿ ಬಂದದ್ದು ಹೀಗೆ.

ಪುಟ್ಟಿಯನ್ನು ಹಿಡಿದುಕೊಟ್ಟದ್ದು ಒಂದು ಜೀಪು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದದ್ದು. ಡಾಕ್ಟರ್, ನರ್ಸು ಇರುವ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅದರಲ್ಲಿರುವ ಡಾಕ್ಟರುಗಳು ಹೆಚ್ಚಾಗಿ ಆಯುರ್ವೇದ, ಹೋಮಿಯೋಪತಿ ಓದಿದವರು. ಅವರನ್ನು ಅಲೋಪತಿಯವರು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. 2017ರ ಜೂನ್‌ನಲ್ಲಿ ಹಾಗೆ ಬಂದ ಒಬ್ಬ ಹುಡುಗಿ, ಈಗಷ್ಟೇ ಆಯುರ್ವೇದ ಕಾಲೇಜು ಮುಗಿಸಿದವಳಂತೆ ಕಾಣುತ್ತಿದ್ದಳು ಅಂತ ಅಕ್ಕ ಹೇಳುತ್ತಾಳೆ, ಪುಟ್ಟಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದಳು. ಉಗುರು ಹಿಡಿದು ಬೆಳಕಿಗೆ ತಿರುಗಿಸಿದಳು. ಆಟವಾಡಿ ಬಂದರೆ ತುಟಿ ಬಣ್ಣ ಬದಲಾಗುತ್ತಾ ಅಂತ ಕೇಳಿದಳು. ಅಕ್ಕ, "ಹಾರ್ಟಲ್ಲಿ ಹೋಲ್ ಇತ್ತು ಮೇಡಂ, ಮುಚ್ಚಿಕೊಂಡಿದೆ" ಅಂದಳು. "ಮುಚ್ಚಿಕೊಂಡಿಲ್ಲ ಅಕ್ಕ, ಇದೇ ವಾರ ಜಿಲ್ಲಾಸ್ಪತ್ರೆಗೆ ಹೋಗಿ" ಅಂತ ಚೀಟಿ ಬರೆದಳು. ಮೂರನೇ ದಿನ ತಾನೇ ಫೋನ್ ಮಾಡಿ ಹೋದಿರಾ ಅಂತ ವಿಚಾರಿಸಿದಳು. ಅವಳ ಹೆಸರು ಅಕ್ಕನ ಮೊಬೈಲಿನಲ್ಲಿ ಇವತ್ತಿಗೂ "ಜೀಪ್ ಡಾಕ್ಟ್ರು" ಅಂತಲೇ ಇದೆ.

ಜಿಲ್ಲಾಸ್ಪತ್ರೆಯಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ಈ ಸಲ ನಾನು ಹತ್ತು ದಿನ ರಜೆ ಹಾಕಿದೆ. ಮೊದಲು ಕ್ಯಾಥ್ ಮಾಡಬೇಕು ಅಂದರು. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಬಿಟ್ಟು ಶ್ವಾಸಕೋಶದ ಒತ್ತಡ ಅಳೆಯುವುದು. ಆಮ್ಲಜನಕ ಕೊಟ್ಟು ಮತ್ತೆ ಅಳೆಯುತ್ತಾರೆ. ಆಗ ಒತ್ತಡ ಇಳಿದರೆ ನಾಳಗಳಲ್ಲಿ ಇನ್ನೂ ಮೆದು ಉಳಿದಿದೆ ಅಂತ. ಇಳಿಯದಿದ್ದರೆ ಮುಗಿಯಿತು. ಎರಡೂವರೆ ವರ್ಷದ ಕಾಯುವಿಕೆಯ ಫಲಿತಾಂಶ ಒಂದು ಅಂಕಿಯಲ್ಲಿ ಬರುತ್ತದೆ.

ಕ್ಯಾಥ್ ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆಯವರು ರಾಯಚೂರು ಕಡೆಯವರು. ಹನ್ನೆರಡು ವರ್ಷದ ಹುಡುಗ, ನೋಡಿದರೆ ಎಂಟು ಅನ್ನಬೇಕು. ಬೆರಳ ತುದಿಗಳು ಡೊಳ್ಳಿನ ಕೋಲಿನ ತುದಿಯ ಹಾಗೆ ಉಬ್ಬಿದ್ದವು. ಉಗುರು ನೇರಳೆ ಹಣ್ಣಿನ ಬಣ್ಣ. ಕ್ರಿಕೆಟ್ ಹುಚ್ಚ. ಓಡಲು ಆಗುತ್ತಿರಲಿಲ್ಲ, ಅದಕ್ಕೇ ಊರಿನ ಹುಡುಗರು ಅವನನ್ನು ಅಂಪೈರ್ ಮಾಡಿದ್ದರಂತೆ. ಪುಟ್ಟಿಗೆ ವೈಡ್, ನೋ ಬಾಲ್, ಸಿಕ್ಸರ್ ಸನ್ನೆ ಎಲ್ಲ ಕಲಿಸಿದ. ಅವನಿಗೂ ಹುಟ್ಟಿನಿಂದ ಹೋಲ್. ಅವರಪ್ಪ ಅಮ್ಮ ಕೂಲಿಗೆ ಪುಣೆ, ಗೋವಾ ಅಂತ ವರ್ಷಕ್ಕೆ ಎಂಟು ತಿಂಗಳು ಊರು ಬಿಟ್ಟಿರುತ್ತಿದ್ದರು. ಜೀಪು ಶಾಲೆಗೆ ಬಂದ ದಿನ ಹುಡುಗ ಊರಲ್ಲಿರುತ್ತಿರಲಿಲ್ಲ. ಆರೋಗ್ಯಶ್ರೀ ಮೊದಲು ಶುರುವಾದದ್ದೇ 2010ರಲ್ಲಿ ಅವರ ಕಲಬುರಗಿ ವಿಭಾಗದಲ್ಲಿ. ಆಗ ಅವನಿಗೆ ಐದು ವರ್ಷ.

ಮಧ್ಯಾಹ್ನ ಅವನ ಅಪ್ಪ ಡಾಕ್ಟರ ರೂಮಿನಿಂದ ಹೊರಗೆ ಬಂದರು. ಮುಖ ಅರಳಿತ್ತು. "ಆಪರೇಷನ್ ಬ್ಯಾಡಂತ್ರಿ ಸರ! ಗುಳಿಗಿ ಕೊಟ್ಟಾರ, ಅದ್ರಾಗ ನೋಡ್ಕೊಂಡು ಹೋಗೋಣು ಅಂದ್ರು." ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ದುಡ್ಡು ನಾನು ಕೊಡುತ್ತೇನೆ ಅಂದರೂ ಬಿಡಲಿಲ್ಲ. ಹೆಂಡತಿಗೆ ಫೋನ್ ಹಚ್ಚಿ, ಎದಿ ಕೊಯ್ಯೂದಿಲ್ಲಂತ, ಹೆದರಬ್ಯಾಡ ಅಂದರು.

ಮೇಲೆ ಬಂದ ಮೇಲೆ ನಾನು ಸಿಸ್ಟರನ್ನು ಮೆಲ್ಲಗೆ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಬೇಡ ಅಂತಲ್ಲ ಸರ್. ಆಗಲ್ಲ ಅಂತ."

ಡಾಕ್ಟರ್ ಆ ಪದವನ್ನು ಕರುಣೆಯಿಂದ ಬಳಸಿದರೋ, ಅವಸರದಲ್ಲಿ ಬಳಸಿದರೋ ಗೊತ್ತಿಲ್ಲ. ಬೇಡ ಅನ್ನುವುದು ನಮ್ಮಲ್ಲಿ ಬಹಳ ಮೆತ್ತನೆಯ ಮಾತು. ಊಟಕ್ಕೆ ಕೂತಾಗ ಇನ್ನೊಂದು ಸೌಟು ಬೇಡ ಅನ್ನುವ ಹಾಗೆ. ಸತ್ಯವನ್ನು ಆ ಅಪ್ಪನಿಗೆ ಬಿಡಿಸಿ ಹೇಳಬೇಕಿತ್ತಾ? ಸಂಜೆವರೆಗೂ ಅದೇ ಯೋಚನೆ. ಹೇಳಲಿಲ್ಲ. ರಾತ್ರಿ ಬಸ್ಸಿಗೆ ಅವರು ಹೊರಟರು. ಫೋನ್ ನಂಬರ್ ಕೊಟ್ಟು, ಊರ ಕಡೆ ಬರ್ರಿ ಸರ ಅಂದರು.

ಪುಟ್ಟಿಯ ಒತ್ತಡ ಆಮ್ಲಜನಕಕ್ಕೆ ಇಳಿಯಿತು. ಬಹಳ ಅಲ್ಲ, ಸ್ವಲ್ಪ. "ಗಡಿಯಲ್ಲಿದ್ದಾಳೆ" ಅಂದರು. ಸೆಪ್ಟೆಂಬರ್‌ನಲ್ಲಿ ಆಪರೇಷನ್ ಆಯಿತು. ತೂತಿಗೆ ಹಾಕಿದ ತೇಪೆಯಲ್ಲೇ ಒಂದು ಪುಟ್ಟ ಕಿಂಡಿ ಬಿಟ್ಟಿದ್ದರು, ಒತ್ತಡ ಮೇಲೇರಿದರೆ ಅದು ತೆರೆದುಕೊಳ್ಳಲಿ ಅಂತ. ನಾಲ್ಕು ತಿಂಗಳಿಗೇ ಮಾಡಿಸಿದ್ದರೆ ವಾರ ಹತ್ತು ದಿನಕ್ಕೆ ಮನೆಗೆ ಹೋಗುವ ಕೇಸು. ನಾವು ಐಸಿಯು ಹೊರಗೇ ಹತ್ತೊಂಬತ್ತು ದಿನ ಇದ್ದೆವು. ಎರಡು ಸಲ ರಾತ್ರಿ ಒತ್ತಡ ಜಿಗಿದು ಎಲ್ಲರೂ ಓಡಾಡಿದರು. ಬಿಲ್ಲು ಯೋಜನೆಯಲ್ಲೇ ಹೋಯಿತು. ಭಾವ ತಂದಿದ್ದ ಕೊಬ್ಬರಿ ದುಡ್ಡು ನಮ್ಮ ಊಟ, ಲಾಡ್ಜು, ಆಟೋಗೆ ಖರ್ಚಾಯಿತು.

ಆ ಹತ್ತೊಂಬತ್ತು ದಿನದಲ್ಲಿ ಕಾರಿಡಾರಿನಲ್ಲಿ ಕೂತವರನ್ನೆಲ್ಲ ಮಾತಾಡಿಸಿದೆ. ಬಂಗಾಳದವರು, ಬಿಹಾರದವರು. ಆಫ್ರಿಕಾದಿಂದ ಬಂದ ಒಬ್ಬ ತಾಯಿಯೂ ಇದ್ದರು. ಭಾಷೆ ಬರುತ್ತಿರಲಿಲ್ಲ. ಆಕೆ ಮೊಬೈಲಿನಲ್ಲಿ ಮಗನ ಹಳೆಯ ಫೋಟೋ ತೋರಿಸಿ, ಕೈಯಲ್ಲಿ ಐದು ಬೆರಳು ಎತ್ತಿ ತೋರಿಸಿದರು. ಐದು ವರ್ಷ ಕಾದಿದ್ದರು ಅಂತ ನಾನು ಅರ್ಥ ಮಾಡಿಕೊಂಡೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಅದು ಅಮೆರಿಕಕ್ಕೂ ಅಷ್ಟೇ, ಆಫ್ರಿಕಾಕ್ಕೂ ಅಷ್ಟೇ. ಹುಟ್ಟು ಜಾಸ್ತಿ ಇರುವುದು ಬಡ ದೇಶಗಳಲ್ಲಿ, ಆಸ್ಪತ್ರೆ ಇರುವುದು ಇನ್ನೆಲ್ಲೋ. ಭಾರತದಲ್ಲೇ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರಲ್ಲಿ ಐದನೇ ಒಂದು ಪಾಲಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆ ಬೇಕು.

ನಾನು ಡಿಗ್ರಿ ಓದುವಾಗ, 2003ರಲ್ಲಿ, ಪಾಕಿಸ್ತಾನದ ಎರಡು ವರ್ಷದ ಒಂದು ಮಗು ಲಾಹೋರ್ ಬಸ್ಸಿನಲ್ಲಿ ದೆಹಲಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಬಂದು ಹೃದಯದ ಆಪರೇಷನ್ ಮಾಡಿಸಿಕೊಂಡಿತ್ತು. ಎರಡೂ ದೇಶದ ಪೇಪರುಗಳಲ್ಲಿ ಅದೇ ಸುದ್ದಿ. ಒಳ್ಳೆಯ ಸುದ್ದಿಯೇ, ನನಗೂ ಕಣ್ಣು ತುಂಬಿತ್ತು. ಆದರೆ ಅದೇ ಬೆಂಗಳೂರಿಗೆ ತಿಪಟೂರಿನಿಂದ ಮೂರು ಗಂಟೆಯ ದಾರಿ. ಆ ಬಸ್ಸು ಹತ್ತಿಸಲು ನಮಗೆ ಎರಡೂವರೆ ವರ್ಷ ಬೇಕಾಯಿತು.

ಕೇರಳದವರು 2017ರಲ್ಲೇ ಹೃದ್ಯಂ ಅಂತ ಒಂದು ಯೋಜನೆ ಮಾಡಿದರು. ದೋಷ ಕಂಡ ಕೂಡಲೇ ಮಗುವಿನ ಹೆಸರು ಆನ್‌ಲೈನ್‌ನಲ್ಲಿ ನೋಂದಣಿ ಆಗುತ್ತದೆ. ಯಾವ ಮಗು ಕಾಯಬಹುದು, ಯಾವುದು ಕಾಯಬಾರದು ಅಂತ ಹೃದಯದ ಡಾಕ್ಟರೇ ರಿಪೋರ್ಟ್ ನೋಡಿ ಹೇಳುತ್ತಾರೆ. ನನಗೆ ಅದರಲ್ಲಿ ಇಷ್ಟವಾದದ್ದು ಇದೇ. ಕಾಯುವ ತೀರ್ಮಾನವನ್ನು ಅಪ್ಪ, ಅಜ್ಜಿ, ಕೊಬ್ಬರಿ, ಬೆಂಗಳೂರಿನ ಮಾವ ಇವರ ಕೈಯಿಂದ ಕಿತ್ತುಕೊಂಡರು.

ಪುಟ್ಟಿ ಈಗ ಹೈಸ್ಕೂಲಿಗೆ ಹತ್ತಿರ ಬಂದಿದ್ದಾಳೆ. ಓದುತ್ತಾಳೆ, ಜಗಳ ಆಡುತ್ತಾಳೆ, ಓಟದಲ್ಲಿ ಸೇರುವುದಿಲ್ಲ. ಅಟ್ಟದ ಏಣಿ ಹತ್ತುವಾಗ ನಡುವೆ ಒಂದು ಸಲ ನಿಲ್ಲುತ್ತಾಳೆ, ಏನೋ ಹುಡುಕುವವಳ ಹಾಗೆ ಆ ಕಡೆ ಈ ಕಡೆ ನೋಡುತ್ತಾಳೆ, ಆಮೇಲೆ ಹತ್ತುತ್ತಾಳೆ. ದಿನಕ್ಕೆ ಮೂರು ಸಲ ಸಿಲ್ಡೆನಾಫಿಲ್ ಅನ್ನುವ ಮಾತ್ರೆ. ಶ್ವಾಸಕೋಶದ ನಾಳ ಸಡಿಲ ಮಾಡುವುದಕ್ಕೆ. ಅದೇ ಮಾತ್ರೆ ಗಂಡಸರಿಗೆ ಬೇರೆ ಹೆಸರಿನಲ್ಲಿ ಬೇರೆ ಕೆಲಸಕ್ಕೆ ಪ್ರಸಿದ್ಧ. ಮೊದಲ ಸಲ ಭಾವ ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಅಂಗಡಿಯವನು ಒಂಥರಾ ನಕ್ಕನಂತೆ. ಭಾವ ಏನೂ ಹೇಳದೆ ಮಗಳ ಡಿಸ್ಚಾರ್ಜ್ ಕಾಗದವನ್ನು ಕೌಂಟರಿನ ಮೇಲೆ ಬಿಡಿಸಿಟ್ಟರಂತೆ. ಅಂದಿನಿಂದ ಆ ಅಂಗಡಿಯವನು ಮಾತ್ರೆ ಮುಗಿಯುವ ಮುಂಚೆಯೇ ತರಿಸಿಟ್ಟು ಫೋನ್ ಮಾಡುತ್ತಾನೆ.

ಆರು ತಿಂಗಳಿಗೊಮ್ಮೆ ರಿವ್ಯೂ. ನಾನೇ ಕರೆದುಕೊಂಡು ಹೋಗುತ್ತೇನೆ. ಪುಟ್ಟಿ ಎಕೋಗೆ ಒಳಗೆ ಹೋದಾಗ ಅದೇ ಕಾರಿಡಾರಿನ ಬೆಂಚಿನ ಮೇಲೆ ಕೂತು ಫೋನ್ ತೆಗೆಯುತ್ತೇನೆ. ರಾಯಚೂರಿನವರ ನಂಬರ್ ಇನ್ನೂ ಇದೆ. ವಾಟ್ಸಾಪಿನಲ್ಲಿ ಆ ಹುಡುಗನ ಫೋಟೋ, ತಲೆಗಿಂತ ದೊಡ್ಡ ಟೋಪಿ, ಎರಡೂ ಕೈ ಮೇಲೆತ್ತಿ ಸಿಕ್ಸರ್ ಸನ್ನೆ. 2019ರಿಂದ ಅದೇ ಫೋಟೋ. ಇಂಥ ತೊಂದರೆ ಇದ್ದೂ ಮೂವತ್ತು ನಲವತ್ತು ವರ್ಷ ಬದುಕಿದವರಿದ್ದಾರೆ. ಅಪ್ಪಂದಿರು ಫೋಟೋ ಬದಲಾಯಿಸುವುದೂ ಕಡಿಮೆ. ಒಳಗಿನಿಂದ ಪುಟ್ಟಿಯನ್ನು ಕರೆದುಕೊಂಡು ಬರುವವರೆಗೆ ಅದನ್ನು ನೋಡುತ್ತಿರುತ್ತೇನೆ. ಫೋನ್ ಮಾಡಿಲ್ಲ.